ಬೆಲೆ ಆಮೇಲೆ, ಗುರುತು ಮೊದಲು: ಹಳೆಯ ಅಂಚೆಚೀಟಿ ಓದುವ ಸೂತ್ರಗಳು

ಅಟ್ಟದ ಟ್ರಂಕಿನಲ್ಲೋ ಗುಜರಿ ಅಂಗಡಿಯ ಡಬ್ಬಿಯಲ್ಲೋ ಒಂದು ಹಿಡಿ ಹಳೆಯ ಅಂಚೆಚೀಟಿ ಸಿಕ್ಕರೆ ಸಾಕು, 'ಇದಕ್ಕೆಷ್ಟು ಬರುತ್ತೆ?' ಎನ್ನುವ ಪ್ರಶ್ನೆ ಬಾಯಿಗೆ ಬಂದೇಬಿಡುತ್ತದೆ. ಅದಕ್ಕೆ ಉತ್ತರ ಕೊಡಬೇಕಾದರೆ ಅದು ಯಾವ ಚೀಟಿ, ಯಾವ ನಾಡಿನದು, ಯಾವ ಅಚ್ಚಿನದು ಎಂದು ಮೊದಲು ಗೊತ್ತಿರಬೇಕು. ಹೆಬ್ಬೆರಳಿನ ಉಗುರಿನಷ್ಟು ಕಾಗದದಲ್ಲಿ ಬರಹ, ಹಣ, ಮುಖ, ಲಾಂಛನ, ಕಾಗದ, ತೂತು ಎಲ್ಲವೂ ಸುಳಿವು ಕೊಡುತ್ತವೆ. ಅವನ್ನು ಸರಿಯಾದ ಕ್ರಮದಲ್ಲಿ ಓದಲು ಕಲಿತವರು ಈ ಹವ್ಯಾಸದಲ್ಲಿ ಗೆಲ್ಲುತ್ತಾರೆ. ಉದಾಹರಣೆಗಳನ್ನೆಲ್ಲ ಹೆಚ್ಚಾಗಿ ಭಾರತದ ಚೀಟಿಗಳಿಂದಲೇ ಆರಿಸಿಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ಸಿಗುವುದು ಅವೇ.

1. ಹಳೆಯದೆಲ್ಲ ಅಪರೂಪ ಎಂಬ ಭ್ರಮೆ ಬಿಡಿ

ಲೋಕದ ಮೊದಲ ಅಂಟು ಅಂಚೆಚೀಟಿ ಬ್ರಿಟನ್ನಿನ 'ಪೆನ್ನಿ ಬ್ಲ್ಯಾಕ್'. ಬಳಕೆಗೆ ಬಂದದ್ದು 1840ರ ಮೇ 6ರಂದು. ಅದು ಅಚ್ಚಾದದ್ದು ಸುಮಾರು 6.8 ಕೋಟಿ ಪ್ರತಿ! ಹಾಗಾಗಿ ಇಂದಿಗೂ ಕೈಲಿ ಕಾಸಿದ್ದವರಿಗೆ ಅದು ಸಿಗುತ್ತದೆ. ಇದಕ್ಕೆ ಎದುರಾಗಿ, 1948ರಲ್ಲಿ ಬಂದ ಗಾಂಧೀಜಿಯ ಹತ್ತು ರೂಪಾಯಿ ಚೀಟಿಯ ಮೇಲೆ 'ಸರ್ವಿಸ್' ಎಂದು ಹೆಚ್ಚುವರಿಯಾಗಿ ಅಚ್ಚೊತ್ತಿದ್ದು ಬರೀ 100. ಪೆನ್ನಿ ಬ್ಲ್ಯಾಕಿಗಿಂತ ನೂರೆಂಟು ವರ್ಷ ಕಿರಿಯ, ಆದರೆ ಭಾರತೀಯ ಚೀಟಿಗಳ ಪೈಕಿ ಸಂಗ್ರಾಹಕರು ಅತಿಯಾಗಿ ಆಸೆಪಡುವವುಗಳಲ್ಲಿ ಒಂದು. ವಯಸ್ಸಿಗೂ ಅಪರೂಪಕ್ಕೂ ನೇರ ನಂಟಿಲ್ಲ. ಎಷ್ಟು ಅಚ್ಚಾಯಿತು, ಎಷ್ಟು ಉಳಿಯಿತು, ಎಷ್ಟು ಜನಕ್ಕೆ ಬೇಕು ಎಂಬ ಮೂರು ಲೆಕ್ಕಗಳೇ ಬೆಲೆ ಕಟ್ಟುತ್ತವೆ.

2. ಸಲಕರಣೆಗೆ ಹೆಚ್ಚು ಸುರಿಯಬೇಡಿ

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ತುದಿ ಚಪ್ಪಟೆಯಾಗಿರುವ ಚಿಮುಟ, ತೂತು ಎಣಿಸುವ ಅಳತೆಪಟ್ಟಿ, ಒಂದು ಕಪ್ಪು ತಟ್ಟೆ. ಶುರುಮಾಡಲು ಇಷ್ಟು ಸಾಕು. ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಕಾಗದಕ್ಕಿಳಿದರೆ ಮತ್ತೆ ಹೋಗುವುದಿಲ್ಲ.

3. ಚಿತ್ರ ಬಿಟ್ಟು ಬರಹದಿಂದ ಆರಂಭಿಸಿ

ಹೊಸಬರ ಕಣ್ಣು ಚಿತ್ರಕ್ಕೆ ಹೋಗುತ್ತದೆ. ಪಳಗಿದವರ ಕಣ್ಣು ಅಂಚಿನ ಬರಹಕ್ಕೆ. 1854ರಲ್ಲಿ ಇಡೀ ಭಾರತಕ್ಕೆಂದು ಕಲ್ಕತ್ತೆಯಲ್ಲಿ ಅಚ್ಚಾದ ಮೊದಲ ಚೀಟಿಗಳ ಮೇಲೆ ಬರೀ 'ಇಂಡಿಯಾ' ಎಂದಿದೆ. ಮರುವರ್ಷದಿಂದ ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಲು ತೊಡಗಿತು. ಬರಹ 'ಈಸ್ಟ್ ಇಂಡಿಯಾ ಪೋಸ್ಟೇಜ್' ಆಯಿತು. ತಮಾಷೆ ನೋಡಿ: 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದು ರಾಣಿಯ ಆಳ್ವಿಕೆ ಬಂದರೂ ಚೀಟಿಯ ಮೇಲೆ 'ಈಸ್ಟ್ ಇಂಡಿಯಾ' ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. 1882ರಲ್ಲಷ್ಟೇ ಅದು 'ಇಂಡಿಯಾ ಪೋಸ್ಟೇಜ್' ಆದದ್ದು. ಮುಂದೆ 1962ರಲ್ಲಿ ದೇವನಾಗರಿಯ 'ಭಾರತ' ಜೊತೆಗೂಡಿತು. ಅಂದರೆ ಬರೀ ನಾಡಿನ ಹೆಸರನ್ನು ಓದಿಯೇ ಒಂದು ಭಾರತೀಯ ಚೀಟಿಯನ್ನು ಸರಿಯಾದ ಕಾಲಘಟ್ಟಕ್ಕೆ ಹಾಕಬಹುದು.

ನಾಡಿನ ಹೆಸರೇ ಇಲ್ಲದೆ ಬರೀ ರಾಣಿಯದೋ ರಾಜನದೋ ತಲೆ ಇದ್ದರೆ? ಅದು ಬ್ರಿಟನ್. ಚೀಟಿ ಹುಟ್ಟಿದ ದೇಶ ತನ್ನ ಹೆಸರು ಬರೆಯುವ ಗೋಜಿಗೆ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. 'ಹೆಲ್ವೇಷಿಯಾ' ಎಂದಿದ್ದರೆ ಸ್ವಿಟ್ಜರ್ಲೆಂಡ್, 'ಮಾಜ್ಯಾರ್' ಎಂದಿದ್ದರೆ ಹಂಗೆರಿ, 'ಸುವೋಮಿ' ಎಂದರೆ ಫಿನ್‌ಲೆಂಡ್. ಇಂಥ ಹತ್ತಿಪ್ಪತ್ತು ಹೆಸರು ಬಾಯಿಪಾಠ ಮಾಡಿಕೊಂಡರೆ ಅರ್ಧ ಆಲ್ಬಂ ತಾನಾಗಿ ವಿಂಗಡವಾಗುತ್ತದೆ. ದೇವನಾಗರಿ ಕಂಡ ಕೂಡಲೇ ಭಾರತದ್ದೆಂದು ತೀರ್ಮಾನಿಸಬೇಡಿ. ಕಿರೀಟದ ಕೆಳಗೆ ಕತ್ತರಿಯಾಕಾರದಲ್ಲಿ ಎರಡು ಕುಕ್ರಿ ಕತ್ತಿಗಳಿದ್ದರೆ ಅದು 1881ರಿಂದ ಬಂದ ನೇಪಾಳದ ಚೀಟಿ. ಹಿಮಪರ್ವತಗಳ ನಡುವೆ ಪಶುಪತಿ ಕೂತಿದ್ದರೆ 1907ರ ನಂತರದ ನೇಪಾಳ.

4. ದುಡ್ಡಿನ ಹೆಸರು ಸುಳ್ಳು ಹೇಳುವುದಿಲ್ಲ

ಆಣೆ, ಪೈ ಇದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನ ಚೀಟಿ. ಅಂದು ದಶಮಾಂಶ ಪದ್ಧತಿ ಬಂತು, ಭಾರತದ ಭೂಪಟವಿರುವ 'ನಯಾಪೈಸೆ' ಚೀಟಿಗಳು ಬಂದವು. 1964ರಲ್ಲಿ 'ನಯಾ' ಉದುರಿ ಪೈಸೆ ಉಳಿಯಿತು. ಹೀಗೆ ನಯಾಪೈಸೆಯ ಆಯಸ್ಸು ಏಳೇ ವರ್ಷ. ಅಂಥ ಚೀಟಿ ಕಂಡರೆ ಇಸವಿಗಾಗಿ ತಡಕಾಡಬೇಕಿಲ್ಲ.

ಚಕ್ರಂ, ಕಾಸು ಎಂದಿದ್ದರೆ ತಿರುವಾಂಕೂರು. ಅಲ್ಲಿ 16 ಕಾಸಿಗೆ 1 ಚಕ್ರಂ. ಪುತ್ತನ್ ಎಂದಿದ್ದರೆ ಕೊಚ್ಚಿ. ರೈಸ್, ತಂಗಾ ಕಂಡರೆ ಪೋರ್ಚುಗೀಸರ ಗೋವಾ. ಫನೋನ್, ಕ್ಯಾಷ್ ಎಂದಿದ್ದರೆ ಪುದುಚೇರಿಯನ್ನು ರಾಜಧಾನಿ ಮಾಡಿಕೊಂಡಿದ್ದ ಫ್ರೆಂಚ್ ಇಂಡಿಯಾ. ಆ ಫ್ರೆಂಚರು 1914ರ ಚೀಟಿಯಲ್ಲಿ ಬ್ರಹ್ಮನನ್ನು ಕೂರಿಸಿದ್ದರಿಂದ, ಹಿಂದೂ ದೇವರ ಚಿತ್ರವಿದೆ ಎಂದು ಯಾವುದೋ ಸಂಸ್ಥಾನದ ಪುಟಕ್ಕೆ ಅಂಟಿಸಿಬಿಡುವವರಿದ್ದಾರೆ.

5. ಲಾಂಛನ ಕಂಡರೆ ಅರಸನ ಮನೆದೇವರನ್ನು ಕೇಳಿ

ಇದು ಈ ಹವ್ಯಾಸದ ರಸಭಾಗ. ಬ್ರಿಟಿಷ್ ಇಂಡಿಯಾದ ಚೀಟಿಗಳಲ್ಲಿ ಒಂದೇ ರಾಜಮುಖ ಮತ್ತೆ ಮತ್ತೆ ಬಂದು ಬೇಸರ ತರಿಸಿದರೆ, ದೇಶೀ ಸಂಸ್ಥಾನಗಳ ಚೀಟಿಗಳಲ್ಲಿ ದೇವರು, ಆಯುಧ, ಪ್ರಾಣಿ, ಅಪ್ಸರೆಯರ ಜಾತ್ರೆಯೇ ನೆರೆದಿದೆ. ಪ್ರತಿ ಚಿಹ್ನೆಯ ಹಿಂದೆ ಆಳುವವರು ತಮ್ಮನ್ನು ಹೇಗೆ ತೋರಿಸಿಕೊಳ್ಳಲು ಬಯಸಿದರು ಎಂಬ ಕಥೆಯಿದೆ.

ತಿರುವಾಂಕೂರಿನ ಶಂಖವನ್ನೇ ತೆಗೆದುಕೊಳ್ಳಿ. ಅಲ್ಲಿನ ಅರಸರು ರಾಜ್ಯವನ್ನೇ ಶ್ರೀ ಪದ್ಮನಾಭನಿಗೆ ಒಪ್ಪಿಸಿ, ತಾವು ಅವನ ದಾಸರೆಂದು ಆಳಿದವರು. ಆದ್ದರಿಂದ 1888ರಲ್ಲಿ ಚೀಟಿ ತಂದಾಗ ಅದರ ನಡುವೆ ರಾಜನ ತಲೆ ಇಲ್ಲ, ವಿಷ್ಣುವಿನ ಶಂಖವಿದೆ. ಕಾಗದದೊಳಗಿನ ನೀರಚ್ಚಿಗೂ ಶಂಖವನ್ನೇ ಆರಿಸಿದರು. ಪಕ್ಕದ ಕೊಚ್ಚಿ 1892ರಲ್ಲಿ ಚೀಟಿ ತಂದಿತು. ಅದರ ನೀರಚ್ಚು ರಾಜಛತ್ರ, ಅಂದರೆ ಕೊಡೆ. ಎರಡೂ ಕಡೆ ಬರಹದಲ್ಲಿ 'ಅಂಚಲ್', 'ಅಂಚೆಲ್' ಎಂದಿರುವುದನ್ನು ಕನ್ನಡಿಗರು ಬೇಗ ಗುರುತಿಸುತ್ತಾರೆ, ನಮ್ಮ ಅಂಚೆಯ ನಂಟಸ್ತಿಕೆ ಅದು.

ಸೂರ್ಯವಂಶದವರೆಂದು ಹೇಳಿಕೊಂಡ ಜೈಪುರದ ಅರಸರು 1904ರ ಚೀಟಿಯಲ್ಲಿ ಸೂರ್ಯನ ರಥವನ್ನು ಓಡಿಸಿದರು. ಝಾಲಾವಾಡದ ಚೀಟಿಯಲ್ಲಿ ಕುಣಿಯುತ್ತಿರುವವಳು ರಂಭೆ. ದತಿಯಾ ಸಂಸ್ಥಾನದ ಚೀಟಿಯ ನಡುವೆ ಗಣೇಶನಿದ್ದಾನೆ. ಸಿರ್ಮೂರಿನಲ್ಲಿ ಆನೆ. ಬುಷಹರ್‌ನಲ್ಲಿ ಹುಲಿ. ಬುಂದಿಯ 1914ರ ಚೀಟಿಯಲ್ಲಿ ಅರಸ ಹಸುಗಳ ರಕ್ಷಕನಾಗಿ ನಿಂತಿದ್ದಾನೆ. ಅದು ಗೋಬ್ರಾಹ್ಮಣ ಪರಿಪಾಲಕನೆಂಬ ಹಳೆಯ ಬಿರುದಿನ ಚಿತ್ರರೂಪ. 'ಸೋರಠ್' ಎಂಬ ಬರಹವಿರುವ ಜುನಾಗಢದ 1929ರ ಚೀಟಿಗಳಲ್ಲಿ ಗಿರ್ ಕಾಡಿನ ಸಿಂಹವೂ ಕಾಠಿಯಾವಾಡದ ಕುದುರೆಯೂ ಇವೆ. ಸಿಂಹ ಉಳಿಸಿಕೊಂಡ ನವಾಬರಿಗೆ ಅದನ್ನು ಚೀಟಿಗೇರಿಸುವ ಹಕ್ಕಿತ್ತು ಅನ್ನಿ.

ಹೈದರಾಬಾದಿನ ನಿಜಾಮರದು ಬೇರೆ ದಾರಿ. 1931ರಿಂದ ಬಂದ ಸರಣಿಯಲ್ಲಿ ಅವರು ತಮ್ಮ ನೆಲದ ಕಟ್ಟಡಗಳನ್ನು ಪೋಣಿಸಿದರು: ಒಂದಾಣೆಗೆ ಚಾರ್‌ಮಿನಾರ್, ಎರಡಾಣೆಗೆ ಹೈಕೋರ್ಟು, ಎಂಟಾಣೆಗೆ ಅಜಂತಾ ಗುಹೆಯ ಬಾಗಿಲು. ಹನ್ನೆರಡಾಣೆಯ ಚೀಟಿಯನ್ನು ಭೂತಗನ್ನಡಿಯಡಿ ಹಿಡಿದು ನೋಡಿ. ಅದು ಬೀದರಿನ ಮಹಮೂದ್ ಗವಾನ್ ಮದ್ರಸ. ಇಂದಿನ ಕರ್ನಾಟಕದ ಕಟ್ಟಡವೊಂದು ನಿಜಾಮರ ಚೀಟಿಯಲ್ಲಿ ಕೂತಿರುವುದು ನಮ್ಮ ಎಷ್ಟೋ ಸಂಗ್ರಾಹಕರಿಗೇ ಗೊತ್ತಿಲ್ಲ.

6. ಒಂದೇ ಚಿಹ್ನೆ ನಂಬಿ ತೀರ್ಪು ಕೊಡಬೇಡಿ

ಕಟಾರಿ ಎಂಬ ಗಿಡ್ಡ ಬಾಕು ಅಲ್ವರ್ ಚೀಟಿಯಲ್ಲೂ ಇದೆ, ಬುಂದಿಯಲ್ಲೂ ಇದೆ, ನವಾನಗರದಲ್ಲೂ ಇದೆ. ಚರ್ಖಾರಿಯ ಚೀಟಿಯಲ್ಲಿ ಕತ್ತಿಗಳು ಅಡ್ಡಡ್ಡ ಬಿದ್ದಿವೆ. ಆಯುಧವನ್ನು ಮಾತ್ರ ನೋಡಿ ಊರು ಹೇಳಿದರೆ ನಾಲ್ಕರಲ್ಲಿ ಮೂರು ಸಲ ತಪ್ಪುತ್ತೀರಿ. ಚಿಹ್ನೆಯ ಜೊತೆ ಲಿಪಿ ನೋಡಿ, ಲಿಪಿಯ ಜೊತೆ ಹಣ ನೋಡಿ. ಮೂರೂ ಒಂದೇ ಊರಿನತ್ತ ಬೆರಳು ಮಾಡಿದರೆ ಮಾತ್ರ ಒಪ್ಪಿಕೊಳ್ಳಿ. ದೇವನಾಗರಿ, ಪರ್ಷಿಯನ್, ಗುಜರಾತಿ, ಮಲಯಾಳಂ ಲಿಪಿಗಳನ್ನು ಓದಲು ಬಾರದಿದ್ದರೂ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವಷ್ಟು ಕಣ್ಣು ಪಳಗಲಿ.

7. 'ಮೈಸೂರು ಸಂಸ್ಥಾನದ ಅಂಚೆಚೀಟಿ' ಎಂದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ

ಮೈಸೂರಿಗೆ ತನ್ನದೇ ಅಂಚೆ ಇತ್ತು. ಅದರ ಬೇರು ಚಿಕ್ಕದೇವರಾಜ ಒಡೆಯರ ಕಾಲದಲ್ಲಿದೆ. ಓಲೆ ಹೊತ್ತ ಓಟಗಾರರ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿಹೋಯಿತು. ಇಷ್ಟು ದೀರ್ಘ ಚರಿತ್ರೆ ಇದ್ದೂ ಮೈಸೂರು ಅಂಚೆಗೆಂದು ಚೀಟಿ ಹೊರಡಿಸಲಿಲ್ಲ. ಹಾಗಾದರೆ ಗಂಡಭೇರುಂಡ ಇರುವ, ಮಹಾರಾಜರ ಚಿತ್ರವಿರುವ ಆ ಸೊಗಸಾದ ಚೀಟಿಗಳೇನು? ಅವು ಕೋರ್ಟ್ ಫೀ ಚೀಟಿ, ರೆವಿನ್ಯೂ ಚೀಟಿ, ಛಾಪಾ ಕಾಗದದ ಮುದ್ರೆ. ಪತ್ರದ ಮೇಲೆ ಅಂಟಿಸುವುದಕ್ಕಲ್ಲ, ದಸ್ತಾವೇಜಿಗೆ. ಸಂಗ್ರಹಯೋಗ್ಯ ಹೌದು, ಅದಕ್ಕೇ ಮೀಸಲಾದ ಸಂಗ್ರಾಹಕರೂ ಇದ್ದಾರೆ. ಆದರೆ 'ಅಪರೂಪದ ಮೈಸೂರು ಅಂಚೆಚೀಟಿ' ಎಂದು ಹೇಳಿ ಮಾರುವವರಿಂದ ಕೊಳ್ಳಬೇಡಿ. ಅವರಿಗೆ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

8. ರಾಣಿಗೆ ಎರಡು ತಲೆ ಕಂಡರೆ ಬೆಚ್ಚಬೇಡಿ

ಉದ್ದನೆಯ ಚೀಟಿಯಲ್ಲಿ ಮೇಲೊಂದು ಕೆಳಗೊಂದು ವಿಕ್ಟೋರಿಯಾ ತಲೆ ಇದ್ದರೆ ಅದು ಬ್ರಿಟಿಷ್ ಇಂಡಿಯಾದ ಟೆಲಿಗ್ರಾಫ್ ಚೀಟಿ. ತಂತಿ ಕಳಿಸುವಾಗ ಅದನ್ನು ಅಡ್ಡಕ್ಕೆ ಎರಡು ಮಾಡುತ್ತಿದ್ದರು: ಒಂದು ಭಾಗ ಅರ್ಜಿಯ ಮೇಲೆ, ಇನ್ನೊಂದು ಕಳಿಸಿದವರ ರಸೀದಿಗೆ. ಅರ್ಧ ಚೀಟಿಗಳೇ ಹೆಚ್ಚು ಸಿಗುವುದು ಅದಕ್ಕೆ. ಯಾರೋ ಕತ್ತರಿಸಿ ಹಾಳುಮಾಡಿದ್ದಾರೆಂದು ಎಸೆಯಬೇಡಿ.

9. ನಡುವಿನ ಚಿತ್ರಕ್ಕಿಂತ ಮೂಲೆ, ಚೌಕಟ್ಟು ಹೆಚ್ಚು ಮಾತಾಡುತ್ತವೆ

ಪೆನ್ನಿ ಬ್ಲ್ಯಾಕಿನ ಕೆಳಗಿನ ಎರಡು ಮೂಲೆಗಳಲ್ಲಿ ಒಂದೊಂದು ಅಕ್ಷರವಿದೆ. ಹಾಳೆಯಲ್ಲಿ ಆ ಚೀಟಿ ಯಾವ ಸಾಲು, ಆ ಸಾಲಿನಲ್ಲಿ ಎಷ್ಟನೆಯದು ಎಂಬುದರ ಗುರುತು ಅದು. ನಕಲಿಗಳನ್ನು ತಡೆಯಲು ಮಾಡಿದ ಉಪಾಯ ಇಂದು ಸಂಗ್ರಾಹಕರಿಗೆ ಇಡೀ ಹಾಳೆಯನ್ನು ಮತ್ತೆ ಜೋಡಿಸುವ ಆಟವಾಗಿದೆ.

ನಮ್ಮ 1854ರ ಅರ್ಧಾಣೆಯಲ್ಲಿ ಚೌಕಟ್ಟಿನ ಕಮಾನು ಎಣಿಸಬೇಕು. ಚಲಾವಣೆಗೆ ಬಂದ ನೀಲಿ ಅರ್ಧಾಣೆಗೆ ಪಕ್ಕದಲ್ಲಿ ಎಂಟು ಕಮಾನು. ಕೆಂಪು ಬಣ್ಣದಲ್ಲಿ ಮೊದಲು ಮಾಡಿ ಕೈಬಿಟ್ಟ ಅರ್ಧಾಣೆಗೆ ಒಂಬತ್ತೂವರೆ. ಇಂಥ ಸೂಕ್ಷ್ಮಗಳ ಮೇಲೆಯೇ ಕ್ಯಾಟಲಾಗಿನ ಸಂಖ್ಯೆ ಬದಲಾಗುತ್ತದೆ, ಬೆಲೆಯೂ.

10. ಮೇಲಚ್ಚನ್ನು ಕೊಳೆ ಎಂದುಕೊಳ್ಳಬೇಡಿ

ಅಚ್ಚಾದ ಚೀಟಿಯ ಮೇಲೆ ಮತ್ತೆ ಒತ್ತಿದ ಅಕ್ಷರಗಳೇ ಮೇಲಚ್ಚು, ಸಂಗ್ರಾಹಕರ ಮಾತಿನಲ್ಲಿ ಓವರ್‌ಪ್ರಿಂಟ್. ಚರಿತ್ರೆ ಅತಿ ಹೆಚ್ಚು ತುಂಬಿರುವುದು ಇಲ್ಲೇ. 'ಆನ್ ಹೆಚ್.ಎಂ.ಎಸ್.' ಅಥವಾ 'ಸರ್ವಿಸ್' ಎಂದಿದ್ದರೆ ಸರ್ಕಾರಿ ಪತ್ರಗಳಿಗೆ ಬಳಸಿದ್ದು. 'ಸಿ.ಇ.ಎಫ್.' ಎಂದರೆ 1900ರಲ್ಲಿ ಚೀನಾಕ್ಕೆ ಹೋದ ಸೇನೆ, 'ಐ.ಇ.ಎಫ್.' ಎಂದರೆ 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಹೊರಟ ಭಾರತೀಯ ಸೇನೆ. ಭಾರತದ ಚೀಟಿಯ ಮೇಲೆ 'ಬರ್ಮಾ' ಎಂದು ಒತ್ತಿದ್ದರೆ 1937, ಆ ವರ್ಷ ಬರ್ಮಾ ಭಾರತದಿಂದ ಬೇರೆಯಾಯಿತು. ಆರನೇ ಜಾರ್ಜ್ ತಲೆಯ ಮೇಲೆ 'ಪಾಕಿಸ್ತಾನ್' ಎಂದಿದ್ದರೆ 1947ರ ಅಕ್ಟೋಬರ್ ಅಥವಾ ಆಮೇಲಿನದು. ಹೊಸ ದೇಶಕ್ಕೆ ಸ್ವಂತ ಚೀಟಿ ಅಚ್ಚು ಹಾಕಲು ಇನ್ನೂ ಬಿಡುವಾಗಿರಲಿಲ್ಲ.

ಬ್ರಿಟಿಷ್ ಅಂಚೆಯೊಂದಿಗೆ ಒಪ್ಪಂದ ಮಾಡಿಕೊಂಡ ಆರು ಸಂಸ್ಥಾನಗಳಿದ್ದವು: ಚಂಬಾ, ಫರೀದ್‌ಕೋಟ್, ಗ್ವಾಲಿಯರ್, ಜಿಂದ್, ನಾಭಾ, ಪಟಿಯಾಲ. ಇವು ಭಾರತದ ಚೀಟಿಗಳ ಮೇಲೆ ತಮ್ಮ ಹೆಸರು ಒತ್ತಿಸಿಕೊಂಡವು. ಆ ಕಾಲದ ಇಂಗ್ಲಿಷ್ ಕಾಗುಣಿತ ವಿಚಿತ್ರ. ಪಟಿಯಾಲ 'ಪುಟ್ಟಿಯಾಲ್ಲಾ' ಆಗಿದೆ, ಜಿಂದ್ ಎರಡು ಮೂರು ಬಗೆಯಲ್ಲಿದೆ. ಅದು ಅಚ್ಚಿನ ತಪ್ಪಲ್ಲ, ಅಂದಿನ ರೂಢಿ. ತಪ್ಪೇ ಬೇಕೆಂದರೆ ಭೋಪಾಲದ ಬೇಗಮರ ಚೀಟಿಗಳನ್ನು ನೋಡಿ. ಒಂದೇ ಹಾಳೆಯಲ್ಲಿ 'ನವಾಬ್', 'ಬೇಗಂ' ಪದಗಳ ಅಕ್ಷರಗಳು ಅದಲುಬದಲಾಗಿ, ಬಿಟ್ಟುಹೋಗಿ, ಸಂಗ್ರಾಹಕರಿಗೆ ಹಬ್ಬವಾಗಿದೆ.

ಕನ್ನಡಿಗರು ಹುಡುಕಿ ಇಟ್ಟುಕೊಳ್ಳಬೇಕಾದ ಮೇಲಚ್ಚು 1953ರದ್ದು. ಕೊರಿಯಾ ಯುದ್ಧದ ಸೆರೆಯಾಳುಗಳನ್ನು ನೋಡಿಕೊಳ್ಳಲು ಹೋದ ಭಾರತೀಯ ಪಡೆಗೆಂದು ಚೀಟಿಗಳ ಮೇಲೆ ಹಿಂದಿಯಲ್ಲಿ ಆ ಪಡೆಯ ಹೆಸರನ್ನು ಒತ್ತಿದರು. ಆ ಸೆರೆಯಾಳುಗಳ ವಾಪಸಾತಿಗೆ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷ ಕೊಡಗಿನ ಜನರಲ್ ತಿಮ್ಮಯ್ಯ. ಮುಂದೆ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಸೈಪ್ರಸ್‌ನಲ್ಲಿ 1965ರಲ್ಲಿ ತೀರಿಕೊಂಡಾಗ ಆ ಪುಟ್ಟ ದೇಶ ಮರುವರ್ಷವೇ ಅವರ ನೆನಪಿಗೆ ಚೀಟಿ ಹೊರಡಿಸಿತು. ಎರಡನ್ನೂ ಒಂದೇ ಪುಟದಲ್ಲಿ ಇಟ್ಟರೆ ಅದೊಂದು ಒಳ್ಳೆಯ ಪುಟ.

11. ಬೆನ್ನು ತಿರುಗಿಸಿ, ನೀರಚ್ಚು ನೋಡಿ

ಮುಂದಿನಿಂದ ಅವಳಿಜವಳಿಯಂತಿರುವ ಚೀಟಿಗಳು ಬೆನ್ನಿನಿಂದ ಬೇರೆಯಾಗುತ್ತವೆ. ಕಾಗದ ತಯಾರಾಗುವಾಗಲೇ ಅದರೊಳಗೆ ಮೂಡಿಸಿದ ತೆಳು ಗುರುತೇ ನೀರಚ್ಚು. ಕಪ್ಪು ತಟ್ಟೆಯಲ್ಲಿ ಮುಖ ಕೆಳಗೆ ಮಾಡಿ ಇಟ್ಟರೆ ಹಲವು ಸಲ ಅಷ್ಟರಲ್ಲೇ ಕಾಣುತ್ತದೆ.

ಭಾರತದ ಚೀಟಿಗಳಿಗೆ ಈ ಕ್ರಮ ನೆನಪಿಟ್ಟುಕೊಳ್ಳಿ. 1854ರ ಕಾಗದದಲ್ಲಿ ಹಾಳೆಗೆಲ್ಲ ಹರಡಿದ ಕಂಪನಿಯ ದೊಡ್ಡ ಲಾಂಛನ. ಒಂದೊಂದು ಚೀಟಿಗೆ ಅದರ ಚೂರು ಮಾತ್ರ ಸಿಕ್ಕಿರುತ್ತದೆ. ಆಮೇಲೆ ಕೆಲ ವರ್ಷ ನೀರಚ್ಚೇ ಇಲ್ಲ. 1865ರಿಂದ ಆನೆಯ ತಲೆ. 1882ರಿಂದ ಒಂದು ನಕ್ಷತ್ರ. 1926ರಲ್ಲಿ ಅಚ್ಚು ಲಂಡನ್ ಬಿಟ್ಟು ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿಗೆ ಬಂದಾಗ ಸಾಲು ಸಾಲು ನಕ್ಷತ್ರಗಳು. ಸ್ವಾತಂತ್ರ್ಯ ಬಂದು ಹತ್ತು ವರ್ಷದ ಮೇಲೆ ಅಶೋಕಸ್ತಂಭದ ಸಿಂಹಗಳು. ಐದನೇ ಜಾರ್ಜನ ಒಂದೇ ವಿನ್ಯಾಸದ ಎರಡು ಚೀಟಿಗಳಲ್ಲಿ ಒಂದಕ್ಕೆ ಒಂಟಿ ನಕ್ಷತ್ರ, ಇನ್ನೊಂದಕ್ಕೆ ಹಲವು ನಕ್ಷತ್ರವಿದ್ದರೆ ಮೊದಲನೆಯದು ಲಂಡನ್ನಿನದು, ಎರಡನೆಯದು ನಾಸಿಕದ್ದು. ಇಷ್ಟು ಸಲೀಸಾದ ಪರೀಕ್ಷೆ ಮತ್ತೊಂದಿಲ್ಲ, ಆದರೂ ಎಷ್ಟೋ ಜನ ಆಲ್ಬಮ್ಮಿಗೆ ಅಂಟಿಸುವ ಮುಂಚೆ ಚೀಟಿಯನ್ನು ಒಮ್ಮೆಯೂ ತಿರುಗಿಸಿ ನೋಡುವುದಿಲ್ಲ.

ಕಾಣದಿದ್ದರೆ ಹಾಕಲು ಬೆಂಜಿನ್‌ನಂಥ ದ್ರವ ಸಿಗುತ್ತದೆ. ಅದು ಬೇಗ ಹೊತ್ತಿಕೊಳ್ಳುವ ಪದಾರ್ಥ; ದೇವರ ಮನೆ, ಅಡುಗೆ ಮನೆಗಳಿಂದ ದೂರವಿರಲಿ.

12. ತೂತು ಎಣಿಸಿ

ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಎಂಬುದೇ ಲೆಕ್ಕ. 14 ಎಂದರೆ ಅಷ್ಟು ಉದ್ದಕ್ಕೆ ಹದಿನಾಲ್ಕು. 1854ರ ಭಾರತದ ಚೀಟಿಗಳಿಗೆ ತೂತೇ ಇಲ್ಲ, ಕತ್ತರಿಯಿಂದ ಕತ್ತರಿಸಬೇಕಿತ್ತು. ಹಾಗೆಂದು ತೂತಿಲ್ಲದ ಚೀಟಿಯೆಲ್ಲ 1854ರದ್ದಲ್ಲ. ಅಂಚು ಸವರಿ ತೂತು ತೆಗೆದು ಮೋಸಮಾಡುವುದು ಹಳೆಯ ವಿದ್ಯೆ. ನಾಲ್ಕೂ ಕಡೆ ಧಾರಾಳ ಅಂಚು ಉಳಿದಿಲ್ಲದಿದ್ದರೆ ಅನುಮಾನಿಸಿ.

13. ಅಚ್ಚಿನ ಬಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತಿಳಿಯಿರಿ

ಕೆತ್ತನೆಯ ಅಚ್ಚಿನಲ್ಲಿ ಶಾಯಿ ಉಬ್ಬಿ ನಿಲ್ಲುತ್ತದೆ, ಓರೆ ಬೆಳಕಿಗೆ ಗೆರೆಗಳು ಎದ್ದು ಕಾಣುತ್ತವೆ. ಕಲ್ಲಚ್ಚಿನಲ್ಲಿ ಎಲ್ಲ ಸಪಾಟು. ಮೊಳೆಯಚ್ಚಿನಲ್ಲಿ ಬೆನ್ನಿಗೆ ಒತ್ತಿದ ಗುರುತು ಮೂಡಿರುತ್ತದೆ. ಫೋಟೊಗ್ರೆವ್ಯೂರ್ ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಚುಕ್ಕೆಗಳ ಬಲೆ. 1948ರ ಗಾಂಧೀಜಿ ಚೀಟಿಗಳು ಈ ಬಗೆಯಲ್ಲಿ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚಾದವು. ನಾಸಿಕದವರು ಆ ವಿದ್ಯೆ ಕಲಿತು 1952ರಲ್ಲಿ ಕಬೀರ, ತುಳಸಿ, ಮೀರಾ, ಸೂರದಾಸ, ಗಾಲಿಬ್, ಟಾಗೋರರ ಚೀಟಿ ತಂದರು. ಕೆತ್ತನೆಯ ಅಚ್ಚಿನದಾಗಿರಬೇಕಾದ ಚೀಟಿಯಲ್ಲಿ ಚುಕ್ಕೆಬಲೆ ಕಂಡರೆ ಅದು ನಕಲಿ. ಬೇರೆ ಪರೀಕ್ಷೆ ಬೇಡ.

14. ನೀರಿಗೆ ಹಾಕುವ ಮುನ್ನ ಯೋಚಿಸಿ

ಲಕೋಟೆಯ ಚೂರಿನಿಂದ ಚೀಟಿ ಬಿಡಿಸಲು ಬಿಸಿನೀರಿನ ಬಟ್ಟಲಿಗೆ ಹಾಕುವುದು ನಮ್ಮ ಶಾಲಾದಿನಗಳ ರೂಢಿ. ಜಮ್ಮು ಕಾಶ್ಮೀರದ 1866ರ ದುಂಡನೆಯ ಚೀಟಿಗಳಲ್ಲಿ ಕೆಲವು ಜಲವರ್ಣದಲ್ಲಿ ಅಚ್ಚಾದವು. ಅವನ್ನು ನೀರಿಗೆ ಹಾಕಿದರೆ ಬಟ್ಟಲಲ್ಲಿ ಬಣ್ಣದ ನೀರು ಮಾತ್ರ ಉಳಿಯುತ್ತದೆ. ಏಷ್ಯಾದ ಮೊದಲ ಚೀಟಿ, ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರಿಯರ್ 1852ರ ಜುಲೈ 1ರಂದು ತಂದ 'ಸಿಂಡೆ ಡಾಕ್', ಇನ್ನೂ ನಾಜೂಕು. ಅದರ ಒಂದು ಬಗೆಯನ್ನು ಕೆಂಪು ಅರಗಿನ ಬಿಲ್ಲೆಯ ಮೇಲೆ ಒತ್ತಿದ್ದರು. ಮುಟ್ಟಿದರೆ ಒಡೆಯುವಂಥದ್ದು, ಉಳಿದಿರುವುದು ಬೆರಳೆಣಿಕೆ. ಅದರ ನಡುವಿನ ಚಿಹ್ನೆ ಹೃದಯಾಕಾರದ್ದು. ಪ್ರೇಮದ ಗುರುತೆಂದು ಯಾರೋ ಬರೆದದ್ದನ್ನು ಓದಿ ನಕ್ಕಿದ್ದೇನೆ. ಅದು ಈಸ್ಟ್ ಇಂಡಿಯಾ ಕಂಪನಿ ತನ್ನ ಸರಕಿನ ಮೂಟೆಗಳ ಮೇಲೆ ಒತ್ತುತ್ತಿದ್ದ ವ್ಯಾಪಾರಿ ಮುದ್ರೆ.

15. ಬಣ್ಣವನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ

ಬಿಸಿಲು, ತೇವ, ರಾಸಾಯನಿಕ ಎಲ್ಲವೂ ಬಣ್ಣ ಬದಲಿಸುತ್ತವೆ. ಹಸಿರು ನೀಲಿಯಾಗುತ್ತದೆ, ಕಿತ್ತಳೆ ಕಂದಾಗುತ್ತದೆ. 'ಕ್ಯಾಟಲಾಗಿನಲ್ಲಿಲ್ಲದ ಬಣ್ಣ' ಸಿಕ್ಕಿತೆಂದು ಕುಣಿಯುವ ಮೊದಲು ಅದು ಎಷ್ಟು ವರ್ಷ ಕಿಟಕಿಯ ಪಕ್ಕ ತೂಗಾಡಿತ್ತೋ ವಿಚಾರಿಸಿ.

16. ಚೀಟಿಯ ಮೇಲಿನ ದಿನಾಂಕವನ್ನೂ ಪೂರ್ತಿ ನಂಬಬೇಡಿ

ಸ್ವತಂತ್ರ ಭಾರತದ ಮೊದಲ ಚೀಟಿ ಮೂರೂವರೆ ಆಣೆಯದು, ರಾಷ್ಟ್ರಧ್ವಜ ಮತ್ತು 'ಜೈ ಹಿಂದ್' ಇರುವಂಥದ್ದು. ಮೇಲೆ 1947ರ ಆಗಸ್ಟ್ 15 ಎಂದು ಅಚ್ಚಾಗಿದ್ದರೂ ಅದು ಬಿಡುಗಡೆಯಾದದ್ದು ನವೆಂಬರ್ 21ರಂದು. ಅಶೋಕ ಸಿಂಹಗಳ ಒಂದೂವರೆ ಆಣೆ ಮತ್ತು ವಿಮಾನದ ಹನ್ನೆರಡಾಣೆ ಡಿಸೆಂಬರ್ 15ರಂದು ಬಂದವು. ಈ ಮೂರು ಚಿತ್ರಗಳನ್ನು ಹತ್ತು ವರ್ಷ ಹಿಂದಿನ ಆರನೇ ಜಾರ್ಜ್ ಸರಣಿಯ ಪಕ್ಕ ಇಟ್ಟು ನೋಡಿ. ಅಲ್ಲಿಯೂ ರಾಜನ ತಲೆಯ ಪಕ್ಕ ಅಂಚೆಯ ಓಟಗಾರ, ಎತ್ತಿನಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ವಿಮಾನ ಇವೆ, ಆದರೆ ಪ್ರತಿಯೊಂದರಲ್ಲೂ ರಾಜ ಇದ್ದೇ ಇದ್ದಾನೆ. 1947ರಲ್ಲಿ ವಿಮಾನ ಉಳಿಯಿತು, ರಾಜ ಹೋದ.

1949ರ ಆಗಸ್ಟ್ 15ರಂದು ಬಂದ ಪುರಾತತ್ವ ಸರಣಿ ಹೊಸ ದೇಶ ಆರಿಸಿಕೊಂಡ ಚಿಹ್ನೆಗಳ ಪಟ್ಟಿಯೇ ಸರಿ. ಅಜಂತಾ, ಕೋನಾರ್ಕದ ಕುದುರೆ, ನಟರಾಜ, ಸಾಂಚಿ, ಸ್ವರ್ಣಮಂದಿರ, ತಾಜ್, ಕುತುಬ್, ಪಾಲಿತಾಣಾದ ಜೈನ ದೇಗುಲ ಹೀಗೆ ಹದಿನಾರು. ಎಲ್ಲ ಮತದವರನ್ನೂ ಒಳಗೆ ತರುವ ಎಣಿಕೆ ಅದರಲ್ಲಿ ಎದ್ದು ಕಾಣುತ್ತದೆ. ಆರಾಣೆಯದು ನಮ್ಮ ವಿಜಯಪುರದ ಗೋಲ ಗುಮ್ಮಟ. ಇದೇ ಸರಣಿಯ ಒಂದಾಣೆ ಚೀಟಿಯಲ್ಲಿ ಬೋಧಿಸತ್ವನ ಚಿತ್ರ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿಬಿಟ್ಟಿತ್ತು. 1950ರಲ್ಲಿ ಸರಿಪಡಿಸಿ ಮತ್ತೆ ತಂದರು. ಎರಡನ್ನೂ ಸಂಪಾದಿಸುವುದು ಕಷ್ಟವೇನಲ್ಲ. ಹೊಸಬರು ಕಣ್ಣು ಪಳಗಿಸಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

17. ತಪ್ಪಚ್ಚಿನ ಆಸೆಗೆ ಬೀಳುವ ಮುನ್ನ ಅದು ಹೇಗಾಯಿತೆಂದು ಕೇಳಿ

1854ರ ನಾಲ್ಕಾಣೆ ಚೀಟಿಯಲ್ಲಿ ನೀಲಿ ತಲೆ, ಕೆಂಪು ಚೌಕಟ್ಟು. ಎರಡು ಬಣ್ಣಕ್ಕೆ ಹಾಳೆಯನ್ನು ಎರಡು ಸಲ ಅಚ್ಚಿಗೆ ಕೊಡಬೇಕು. ಒಮ್ಮೆ ಹಾಳೆ ತಲೆಕೆಳಗಾಗಿ ಹೋಯಿತು, ರಾಣಿಯ ತಲೆಯೂ ತಲೆಕೆಳಗಾಯಿತು. ಜಗತ್ತಿನ ಹೆಸರಾಂತ ತಪ್ಪಚ್ಚುಗಳಲ್ಲಿ ಅದೊಂದು. ಇಲ್ಲಿ ತಪ್ಪಿಗೆ ಕಾರಣ ಸ್ಪಷ್ಟ. ಒಂದೇ ಬಣ್ಣದ, ಒಂದೇ ಸಲ ಅಚ್ಚಾದ ಚೀಟಿಯಲ್ಲಿ ತಲೆ ಮಾತ್ರ ತಿರುಗಿದೆ ಎಂದರೆ ಅದು ಅಚ್ಚುಮನೆಯ ತಪ್ಪಲ್ಲ, ಯಾರೋ ಮನೆಯಲ್ಲಿ ಕೂತು ಮಾಡಿದ ಕೈಚಳಕ. ಗಾಂಧೀಜಿಯ ಹತ್ತು ರೂಪಾಯಿಗೂ ಇದೇ ಎಚ್ಚರ: ಸಾದಾ ಚೀಟಿಯ ಮೇಲೆ 'ಸರ್ವಿಸ್' ಒತ್ತುವುದು ಒಂದು ರಬ್ಬರ್ ಮೊಹರಿನ ಕೆಲಸ. ತಜ್ಞರ ಪ್ರಮಾಣಪತ್ರವಿಲ್ಲದೆ ಅಂಥದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

18. ಕ್ಯಾಟಲಾಗ್ ಓದಿ, ಆದರೆ ಅದರ ಬೆಲೆಯನ್ನು ಬಾಜಾರಿನ ಬೆಲೆ ಎಂದುಕೊಳ್ಳಬೇಡಿ

ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್ ಭಾರತ ಮತ್ತು ಸಂಸ್ಥಾನಗಳ ಚೀಟಿಗಳಿಗೆ ಎಲ್ಲರೂ ನೆಚ್ಚುವ ಆಧಾರ. ಹೊಸದು ದುಬಾರಿ. ಗುರುತಿಸುವುದಕ್ಕೆ ಹತ್ತು ವರ್ಷ ಹಳೆಯ ಪ್ರತಿಯೂ ನಡೆಯುತ್ತದೆ, ಚಿತ್ರಗಳೇನು ಬದಲಾಗುವುದಿಲ್ಲ. ಸಂಶಯ ಉಳಿದರೆ ಕರ್ನಾಪೆಕ್ಸ್‌ನಂಥ ಪ್ರದರ್ಶನಗಳಿಗೆ ಹೋಗಿ. ಐವತ್ತು ವರ್ಷ ಇದರಲ್ಲೇ ಮುಳುಗಿದ ಹಿರಿಯರು ಅಲ್ಲಿ ಸಿಗುತ್ತಾರೆ, ಮತ್ತು ಅವರಿಗೆ ಪ್ರಶ್ನೆ ಕೇಳುವವರೆಂದರೆ ಪ್ರಾಣ.

19. ಲಕೋಟೆಯಿಂದ ಕತ್ತರಿಸಬೇಡಿ

ಉಳಿದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಹಳೆಯ ಪತ್ರ ಸಿಕ್ಕ ಕೂಡಲೇ ಚೀಟಿಯನ್ನು ಕತ್ತರಿಸಿಕೊಂಡು ಲಕೋಟೆ ಒಲೆಗೆ ಹಾಕುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಅನಾಹುತ. ಠಸ್ಸೆಯ ಊರು, ದಿನಾಂಕ, ಪತ್ರ ಹೋದ ದಾರಿ, ದರ, ವಿಳಾಸದ ಬರವಣಿಗೆ ಎಲ್ಲವೂ ಚೀಟಿಯ ಗುರುತಿಗೆ ಸಾಕ್ಷಿ ಹೇಳುತ್ತವೆ. ಬಿಡಿಯಾಗಿ ಹತ್ತು ರೂಪಾಯಿ ಬಾಳದ ಅರ್ಧಾಣೆ ಚೀಟಿ, ಇಂದು ಮುಚ್ಚಿಹೋದ ಯಾವುದೋ ಹಳ್ಳಿಯ ಅಂಚೆಮನೆಯ ಸ್ಪಷ್ಟ ಠಸ್ಸೆಯೊಡನೆ ಇಡೀ ಲಕೋಟೆಯಲ್ಲಿ ಉಳಿದಿದ್ದರೆ ಅದರ ಕಥೆಯೇ ಬೇರೆ. ಕರಾವಳಿ, ಮಲೆನಾಡಿನವರು ಅವನ್ನು ತೇವ ತಾಗದಂತೆ, ಒಂದರ ಮೇಲೊಂದು ಒತ್ತಿಕೊಳ್ಳದಂತೆ ಇಡಿ. ಸೆಲ್ಲೋಟೇಪು, ಲ್ಯಾಮಿನೇಷನ್ ಹತ್ತಿರಕ್ಕೂ ಬೇಡ. ನಿಮ್ಮ ಮನೆಯ ಟ್ರಂಕನ್ನು ಗುಜರಿಗೆ ಕೊಡುವ ಮೊದಲು ಒಮ್ಮೆ ತೆರೆದು, ಕತ್ತರಿಯನ್ನು ದೂರವಿಟ್ಟು, ಲಕೋಟೆಗಳನ್ನು ಇಡಿಯಾಗಿ ತೆಗೆದಿಡಿ.